ಚೀಲದಾಟದ ಕಡೇ ಗೋದಾಮು

ಕಳೆದ ವಾರ ಕುಷ್ಟಗಿಯಿಂದ ಹೊರಟ ನಮ್ಮ ಬಸ್ಸು ತಾವರಗೇರಾದಲ್ಲಿ ಚಹಾಕ್ಕೆಂದು ನಿಂತಿತು. ಪಕ್ಕದಲ್ಲಿ ತೌಡು ಹೇರಿಕೊಂಡ ಲಾರಿಯೊಂದಿತ್ತು. ಕಿಟಕಿಯ ಗಾಜು ಸರಿಸಿದ ಕೂಡಲೇ ವಾಸನೆ ಒಳಗೆ ನುಗ್ಗಿತು. ಬೇಯಿಸಿದ ಭತ್ತ, ಹೊಟ್ಟಿನ ಹೊಗೆ, ಹಳೆಯ ಗೋಣಿ, ಇವೆಲ್ಲ ಸೇರಿದ ಒಂದು ಮಂದ ವಾಸನೆ ಅದು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಜೋಳ, ಸಜ್ಜೆ ಬೆಳೆಯುವ ಈ ಕಡೆಯವರಿಗೆ ಅದು ಹೊಸದು. ನಾನಂತೂ ಒಂದು ಇಡೀ ಹಂಗಾಮು ಆ ವಾಸನೆಯೊಳಗೇ ಇದ್ದೆ, ಕಾರಟಗಿಯಲ್ಲಿ.

ಎಂ.ಎಸ್ಸಿ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಅತಿಥಿ ಉಪನ್ಯಾಸಕಿಯದು. ನನ್ನ ಊರು ಯಲಬುರ್ಗಾ ಕಡೆಯದು. ನೀರನ್ನು ಬಾವಿಯಲ್ಲಿ ಇಣುಕಿ ನೋಡುವ ಊರಿನಿಂದ ಬಂದವಳಿಗೆ ರಸ್ತೆಯ ಎರಡೂ ಬದಿ ಗದ್ದೆಯಲ್ಲಿ ನಿಂತ ನೀರು ನೋಡಿ ಮೊದಮೊದಲು ನಂಬಿಕೆ ಬರಲಿಲ್ಲ. ಅಕ್ಕಿ ಗಿರಣಿಯ ಮಾಲೀಕರಾದ ವೀರಭದ್ರಪ್ಪನವರ ಮನೆಯ ಮಾಳಿಗೆಯಲ್ಲಿ ನನಗೊಂದು ಕೋಣೆ ಸಿಕ್ಕಿತು. ಮೆಟ್ಟಿಲು ಹೊರಗಿನಿಂದಲೇ ಇತ್ತು, ಅದಕ್ಕೇ ಒಪ್ಪಿಕೊಂಡೆ. ಗಿರಣಿ ಮನೆಯ ಹಿಂದೆಯೇ. ಬೆಳಗ್ಗೆ ತೊಳೆದಿಟ್ಟ ಲೋಟದ ಮೇಲೆ ಮಧ್ಯಾಹ್ನದ ಹೊತ್ತಿಗೆ ತೌಡಿನ ತೆಳುವಾದ ಪದರ ಕೂತಿರುತ್ತಿತ್ತು.

ನಾನು ಸ್ನಾನಕ್ಕೆ ಹೋಗುವಾಗಲೂ ಕಪಾಟಿಗೆ ಬೀಗ ಹಾಕಿ ಹೋಗುವವಳು. ಮನೆಯಾಕೆ ನೀಲಮ್ಮನವರು ಮೊದಲ ದಿನವೇ ನನ್ನ ಮದುವೆಯ ವಿಷಯ ಎತ್ತಿದರು. ನಾನು ಮುಂದೆ ಬರೆಯಬೇಕಿದ್ದ ನೌಕರಿಯ ಪರೀಕ್ಷೆಯ ವಿಷಯ ಹೇಳಿದೆ. ಅವರು ನಕ್ಕು ಸುಮ್ಮನಾದರು, ಮತ್ತೆಂದೂ ಕೇಳಲಿಲ್ಲ. ಅದರಿಂದ ಅವರ ಮೇಲೆ ಸ್ವಲ್ಪ ವಿಶ್ವಾಸ ಹುಟ್ಟಿತು, ಅದರ ಹಿಂದೆಯೇ ಅನುಮಾನವೂ ಹುಟ್ಟಿತು. ಇನ್ನೊಬ್ಬರ ವಿಷಯ ಕೇಳದವರು ತಮ್ಮದೇನನ್ನೋ ಮುಚ್ಚಿಟ್ಟುಕೊಂಡಿರುತ್ತಾರೆ ಎಂಬುದು ನನ್ನಿಂದ ನನಗೇ ಗೊತ್ತಿದ್ದ ಮಾತು.

ಗಣೇಶನ ಹಬ್ಬ ಮುಗಿದರೂ ಮಳೆ ಹೋಗಿರಲಿಲ್ಲ. ಒಂದು ಭಾನುವಾರ ಅವರ ಮಗ ಬಸವರಾಜ ಮೆಟ್ಟಿಲು ಹತ್ತಿ ಬಂದ. ಗಿರಣಿಯ ವ್ಯವಹಾರವೆಲ್ಲ ಅವನದೇ. ಕೊನೆಯ ಮೆಟ್ಟಿಲ ಮೇಲೆ ನಿಂತು, ಒಳಗೆ ಕಣ್ಣು ಹಾಯಿಸದೆ ಮಾತಾಡಿದ.

“ಮೇಡಂರೀ, ನಮ್ಮ ಮನ್ಯಾಗ ಒಂದು ಹಳೇ ಕಂಪ್ಯೂಟರ್ ಐತ್ರಿ. ಅಪ್ಪಾರದು. ಅದನ್ನ ಸ್ವಲ್ಪ ಸುರು ಮಾಡಿ ಕೊಡ್ತೀರೇನ್ರಿ?”

ಅವನ ಜೇಬಿನಲ್ಲಿ ಎರಡು ಮೊಬೈಲುಗಳಿದ್ದವು. ಗಿರಣಿಯ ಗೇಟಿಗೆ ಕ್ಯಾಮೆರಾ ಹಾಕಿಸಿದ್ದ. ಅಂಥವನಿಗೆ ಇಂಥ ಹಳೆಯ ಯಂತ್ರ ಏಕೆ ಬೇಕು? ಕೇಳಲಿಲ್ಲ. ನೋಡೋಣ ಎಂದು ಕೆಳಗಿಳಿದೆ.

ಒಂದು ಕೀಲಿಮಣೆ, ಅಷ್ಟೇ. ಯಂತ್ರವೆಲ್ಲ ಆ ಕೀಲಿಮಣೆಯ ಹೊಟ್ಟೆಯೊಳಗೇ ಇತ್ತು. ಟಿವಿಗೊಂದು ತಂತಿ, ಟೇಪ್ ರೆಕಾರ್ಡರಿಗೊಂದು ತಂತಿ. ಆಟಗಳು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದವು. ಇಂಥದ್ದನ್ನು ಪಾಠದ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ. ವೀರಭದ್ರಪ್ಪನವರು ಹರೆಯದಲ್ಲಿ ಅಕ್ಕಿಯ ದಲಾಲಿಯೊಬ್ಬರ ಕೈಯಿಂದ ಮುಂಬಯಿಯಿಂದ ತರಿಸಿದ್ದಂತೆ. ಗಿರಣಿಯ ಲೆಕ್ಕ ಇಡಬಹುದು ಎಂಬ ಆಸೆ ಇತ್ತು. ಲೆಕ್ಕ ಅದರಲ್ಲಿ ಕೂರಲಿಲ್ಲ, ಒಂದು ಆಟ ಮಾತ್ರ ಕೂತುಬಿಟ್ಟಿತು, ಮನೆಯವರ ಬಾಯಲ್ಲಿ ಅದು ಚೀಲದಾಟ.

ಟೇಪ್ ರೆಕಾರ್ಡರಿನ ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಿನಂತಾಗಿತ್ತು. ಗಂಗಾವತಿಯ ರಿಪೇರಿ ಅಂಗಡಿಯಿಂದ ಹೊಸದು ತರಿಸಿ ಹಾಕಿದೆ. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಆದರೂ ಆಟ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಕ್ಯಾಸೆಟ್ಟಿನ ಕಿರುಚಾಟ ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಬೇಕು. ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆಕ್ಕಿನ ಜಗಳದ ಸಪ್ಪಳಕ್ಕೆ ಇಷ್ಟು ಕಿವಿಗೊಡುವವರನ್ನು ಇದೇ ಮೊದಲು ನೋಡಿದ್ದು ಎಂದರು.

ಹಜಾರದ ಹೊಸ ಟಿವಿ ಆ ಯಂತ್ರದ ಚಿತ್ರವನ್ನು ಹಿಡಿಯಲೇ ಇಲ್ಲ. ಗಿರಣಿಯ ಕಾವಲುಗಾರನ ಕೋಣೆಯಲ್ಲಿ ಬಿದ್ದಿದ್ದ ಕಪ್ಪು ಬಿಳುಪಿನ ಸಣ್ಣ ಟಿವಿಯನ್ನು ತರಿಸಿದೆವು. ಅದು ಹಿಡಿಯಿತು. ಆದರೆ ಗಿರಣಿಯ ಮೋಟರು ಶುರುವಾದ ಕೂಡಲೇ ವೋಲ್ಟೇಜು ಬಿದ್ದು, ಯಂತ್ರ ಕಲಿತದ್ದನ್ನೆಲ್ಲ ಮರೆತು ಖಾಲಿ ಪರದೆ ತೋರಿಸುತ್ತಿತ್ತು.

ಇಷ್ಟು ದಿನವೂ ವೀರಭದ್ರಪ್ಪನವರು ಆರಾಮ ಕುರ್ಚಿಯಲ್ಲಿ ಕೂತು ನನ್ನ ತಿರುಪುಳಿಯನ್ನೇ ನೋಡುತ್ತಿದ್ದರು. ಎತ್ತರದ ಆಳು. ಬಿಳಿ ಅಂಗಿ, ಧೋತರ. ಸೊಂಟದ ಉಡದಾರಕ್ಕೆ ಗೋದಾಮಿನ ಬೀಗದ ಕೈಗಳ ಗೊಂಚಲು. ಪರದೆ ಮೂರನೇ ಸಲ ಖಾಲಿಯಾದಾಗ ಮೊದಲ ಬಾರಿಗೆ ಬಾಯಿ ಬಿಟ್ಟರು.

“ನೋಡು ತಂಗಿ, ಇದಕ್ಕೂ ಮರವು ಐತಿ. ಇದನ್ನ ಯಾವ ಡಾಕ್ಟರಿಗೆ ತೋರಸ್ತಾರಂತ?”

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

“ಖರೇ ಹೇಳು. ನಮ್ಮ ಬಸ್ಯಾ ನಿನಗ ಏನ್ ಹೇಳಿ ಕಳಿಸ್ಯಾನ?”

“ಏನೂ ಹೇಳಿಲ್ರಿ. ಕೆಟ್ಟದ್ದನ್ನ ರಿಪೇರಿ ಮಾಡ್ರಿ ಅಂದಾರ, ಅಷ್ಟ.”

“ಕೆಟ್ಟದ್ದು ಯಾವುದಂತ? ಮಷೀನೋ, ನಾನೋ?”

ಆ ಸಂಜೆ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಎತ್ತಲು ಬಂದ ನೀಲಮ್ಮ, ನಾನು ಕೇಳದೆಯೇ ವಿಷಯ ಹೇಳಿದರು. ಹಿಂದಿನ ಹಂಗಾಮಿನಲ್ಲಿ ವೀರಭದ್ರಪ್ಪನವರು ತಪ್ಪು ಗೋದಾಮಿನ ಬೀಗ ತೆಗೆದು, ಒಬ್ಬ ರೈತ ಇಡಲು ಕೊಟ್ಟಿದ್ದ ಭತ್ತವನ್ನು ಇನ್ನೊಬ್ಬರ ಲಾರಿಗೆ ಹೇರಿಸಿ ಕಳಿಸಿಬಿಟ್ಟಿದ್ದರು. ಅದಾದ ಮೇಲೆ ಡಾಕ್ಟರು ಮರೆವಿನ ರೋಗ ಶುರುವಾಗಿರಬಹುದು ಎಂದಿದ್ದರು. ಬಸವರಾಜ ಬೀಗದ ಕೈ ಕೇಳಿದ. ತಂದೆಗೆ ಸಿಟ್ಟು ಬಂತು. ನನ್ನ ತಲೆ ನೆಟ್ಟಗಿದೆ, ಬೇಕಾದರೆ ಚೀಲದಾಟವನ್ನು ಮೊದಲಿನಂತೆ ಅದರ ಕೊನೆಯ ಹಂತವಾದ ಕಡೇ ಗೋದಾಮಿನವರೆಗೂ ಬಿಡಿಸಿ ತೋರಿಸುತ್ತೇನೆ, ಹೊಸ ಭತ್ತ ಬರುವುದರೊಳಗೆ ಬಿಡಿಸದಿದ್ದರೆ ಬೀಗದ ಕೈ ನಿನಗೆ ಎಂದು ಅವರೇ ಪಂಥ ಕಟ್ಟಿದ್ದರು. ಮಗ ಒಪ್ಪಿಕೊಂಡಿದ್ದ.

ಅಷ್ಟು ಬೇಗ ಒಪ್ಪಿಕೊಂಡದ್ದೇಕೆ ಎಂದು ನಾನು ಯೋಚಿಸಿದೆ. ಸೋಲುತ್ತಾರೆ ಎಂದು ಮೊದಲೇ ಗೊತ್ತಿದ್ದವನು ಮಾತ್ರ ಅಷ್ಟು ಬೇಗ ಒಪ್ಪುತ್ತಾನೆ.

ಮಹಾಲಯ ಅಮಾವಾಸ್ಯೆಯ ದಿನ ಹಮಾಲರಿಗೆ ರಜೆ. ಗಿರಣಿ ನಿಂತಿತ್ತು, ವಿದ್ಯುತ್ತು ಒಂದೇ ಸಮ ಇತ್ತು. ಆಟ ಪೂರ್ತಿ ಇಳಿಯಿತು. ಪರದೆಯ ಮೇಲೆ ಗೋಡೆಗಳ ನಡುವೆ ಒಬ್ಬ ಪುಟ್ಟ ಆಳು, ಅಲ್ಲಲ್ಲಿ ಪೆಟ್ಟಿಗೆಗಳು, ನೆಲದ ಮೇಲೆ ಚುಕ್ಕೆಗಳು. ಪೆಟ್ಟಿಗೆಗಳನ್ನು ಚುಕ್ಕೆಗಳ ಮೇಲೆ ತಂದು ನಿಲ್ಲಿಸಬೇಕು. ಆಳು ನೂಕಬಲ್ಲ, ಎಳೆಯಲಾರ. ಒಂದು ಸಲಕ್ಕೆ ಒಂದನ್ನೇ ನೂಕಬಲ್ಲ. ಮೂಲೆಗೆ ಸಿಕ್ಕ ಪೆಟ್ಟಿಗೆ ಮತ್ತೆ ಬರುವುದಿಲ್ಲ. ಎಲ್ಲ ಪೆಟ್ಟಿಗೆಗಳೂ ಚುಕ್ಕೆಯ ಮೇಲೆ ಕೂತರೆ ಯಂತ್ರ ಸಣ್ಣದೊಂದು ರಾಗ ನುಡಿಸಿ ಮುಂದಿನ ಹಂತಕ್ಕೆ ಹೋಗುತ್ತದೆ. ಈ ಮನೆಯವರಿಗೆ ಪೆಟ್ಟಿಗೆ ಎಂದರೆ ಚೀಲ, ಆಳು ಎಂದರೆ ಹಮಾಲ, ಹಂತ ಎಂದರೆ ಗೋದಾಮು.

ವೀರಭದ್ರಪ್ಪನವರ ಬೆರಳುಗಳು ಮೊದಲು ತಡವರಿಸಿ, ಆಮೇಲೆ ದಾರಿ ಹಿಡಿದವು. ಹಮಾಲನನ್ನು ಬೈಯುತ್ತಾ ನಡೆಸುತ್ತಿದ್ದರು. “ಏ ಮಗನ, ಆ ಕಡೆ ಹೋಗಿ ಬೆನ್ನ ಹಚ್ಚು. ಗ್ವಾಡಿಗೆ ಒತ್ತಿದ್ರ ನಿಮ್ಮಪ್ಪ ತಗೀತಾನೇನದನ್ನ?” ನನ್ನ ಕಡೆ ತಿರುಗಿ, “ಇಂವಾ ನಮ್ಮ ಹಮಾಲರಗಿಂತ ಛಲೋ. ತಾಸಿಗೊಮ್ಮೆ ಚಾ ಕೇಳಂಗಿಲ್ಲ.”

“ಇಂವಾ ಕೇಳಂಗಿಲ್ಲ, ಇಂವನ ಸಾಹುಕಾರ ಕೇಳ್ತಾನಲ್ಲ,” ಎಂದು ನೀಲಮ್ಮ ಬಾಗಿಲಿನಿಂದಲೇ ಚಹಾ ಚಾಚಿದರು.

ನಾನು ಇಂಥ ಒಗಟನ್ನು ಹಿಂದಿನಿಂದ ಬಿಡಿಸುವವಳು. ಕೊನೆಯ ಪೆಟ್ಟಿಗೆ ಎಲ್ಲಿ ಕೂರಬೇಕೋ ಅಲ್ಲಿಂದ ಹೊರಟು, ನೂಕುವುದನ್ನು ಎಳೆಯುವುದಾಗಿ ಎಣಿಸಿಕೊಂಡು ಮೊದಲಿಗೆ ಬರುತ್ತೇನೆ. ಅವರ ದಾರಿ ಬೇರೆ. “ಗೋದಾಮು ತುಂಬೂದು ಒಳಗಿಂದ ಹೊರಗ, ತಂಗಿ. ಬಾಗಲದಿಂದ ತುಂಬ್ಕೊಂತ ಹೋದಾಂವ ಸಂಜೀಕ ಒಳಗ ಸಿಕ್ಕೊಂತಾನ.” ಎಷ್ಟೋ ಕಡೆ ನಾನು ಬಹಳ ಹೊತ್ತು ಲೆಕ್ಕ ಹಾಕಿ ಕಂಡದ್ದೂ ಅವರು ಬೈಯುತ್ತಾ ನೂಕಿದ್ದೂ ಒಂದೇ ಆಗಿರುತ್ತಿತ್ತು. ಅವರು ಸಿಕ್ಕಿಬಿದ್ದ ಕೆಲವು ಕಡೆ ನಾನು ಕಂಡಿದ್ದೆ, ಹೇಳಲಿಲ್ಲ. ಪಂಥದಲ್ಲಿ ಬಾಯಿ ಹಾಕುವಂತಿರಲಿಲ್ಲ.

ದಸರೆ ಬರುವ ಹೊತ್ತಿಗೆ ಅವರು ಒಂದೊಂದಾಗಿ ಗೋದಾಮು ದಾಟುತ್ತಾ ಬಂದಿದ್ದರು. ಹಮಾಲರ ಊಟದ ಹೊತ್ತಿಗೆ ಮೋಟರು ನಿಂತಾಗ ಆಟ, ಮೋಟರು ಶುರುವಾದರೆ ಬಂದ್. ನನಗೆ ಗೊಂದಲವಾಗತೊಡಗಿತು. ಬೆಳಗ್ಗೆ ತಿಂದ ಉಪ್ಪಿಟ್ಟು ಅವರಿಗೆ ಮಧ್ಯಾಹ್ನ ನೆನಪಿರುತ್ತಿರಲಿಲ್ಲ. ನನ್ನ ಊರು ಯಾವುದೆಂದು ಒಂದೇ ದಿನ ಎರಡು ಬಾರಿ ಕೇಳಿದ್ದರು. ಆದರೆ ಅದೇ ಮನುಷ್ಯ ಹತ್ತು ನೂಕುಗಳ ಮುಂದಿನದನ್ನು ಕಂಡುಕೊಂಡು ಚೀಲ ಸರಿಸುತ್ತಿದ್ದರು. ಯಾವುದನ್ನು ನಂಬಬೇಕು? ಉಪ್ಪಿಟ್ಟಿನ ಮರೆವು ನಾನು ಕಣ್ಣಾರೆ ಕಂಡದ್ದು. ತಪ್ಪು ಲಾರಿಯ ಕಥೆ ಮಾತ್ರ ನಾನು ಕೇಳಿದ್ದು. ನೀಲಮ್ಮನವರಿಗೂ ಅದನ್ನು ಹೇಳಿದವನು ಬಸವರಾಜ.

ಕಡೇ ಗೋದಾಮಿಗೆ ಬಂದರು. ಅದು ಉಳಿದವುಗಳಂತಿರಲಿಲ್ಲ. ಉದ್ದನೆಯ ಒಂದು ಕೋಣೆ, ಕಿರಿದಾದ ಒಂದು ಬಾಗಿಲು. ಒಳಗೆ ಸಾಲು ಸಾಲು ಚೀಲ. ಬಾಗಿಲ ಪಕ್ಕದಲ್ಲಿ ಒಂಟಿಯಾಗಿ ಒಂದು ಚೀಲ. ವೀರಭದ್ರಪ್ಪನವರು ಪ್ರತಿ ಸಲವೂ ಅದನ್ನೇ ಮೊದಲು ಒಳಗೆ ನೂಕಿ ದಾರಿ ಬಿಡಿಸಿಕೊಳ್ಳುತ್ತಿದ್ದರು. ಉಳಿದದ್ದೆಲ್ಲ ಸರಿಯಾಗಿ ಹೋಗುತ್ತಿತ್ತು. ಕೊನೆಯಲ್ಲಿ ಒಂದಲ್ಲ ಒಂದು ಚೀಲ ಜಾಗವಿಲ್ಲದೆ ಉಳಿಯುತ್ತಿತ್ತು. ಯಂತ್ರ ರಾಗ ನುಡಿಸುತ್ತಿರಲಿಲ್ಲ.

ದಿನಗಳು ಹೋದವು. ಗದ್ದೆಯಲ್ಲಿ ತೆನೆ ಬಾಗಿ ಹಳದಿಗೆ ತಿರುಗಿತು. ಕೊಯ್ಲಿನ ದೊಡ್ಡ ಯಂತ್ರಗಳು ಬಂದು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತವು. ಅದೇ ಹೊತ್ತಿಗೆ ಹಿಂಗಾರಿನ ಮೋಡ ಬಂದು ಕೂತಿತು. ಆಂಧ್ರದ ಕಡೆಯಿಂದ ಬಂದು ನೆಲೆಸಿದ ಕ್ಯಾಂಪುಗಳ ರೈತರು ಗಿರಣಿಯ ಅಂಗಳದಲ್ಲಿ ನಿಂತು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಆಕಾಶವನ್ನು ಬೈಯುತ್ತಿದ್ದರು. ಮಳೆ ಬಿದ್ದರೆ ತೆನೆ ಮಲಗುತ್ತದೆ, ಬಿಸಿಲು ಬಂದರೆ ವಾರದೊಳಗೆ ಹೊಸ ಭತ್ತ ಬರುತ್ತದೆ. ಮನೆಯೊಳಗೆ ಇದಕ್ಕೆ ಇನ್ನೊಂದು ಅರ್ಥವಿತ್ತು.

ಬಸವರಾಜ ಈಗ ಆಟದ ಹೊತ್ತಿಗೆ ಜನರನ್ನು ಕರೆದು ಕೂರಿಸತೊಡಗಿದ. ಗಂಗಾವತಿಯಿಂದ ಮನೆಯ ಅಳಿಯ ಬಂದ. ಗಿರಣಿಯ ಪಾಲುದಾರರೊಬ್ಬರು ಬಂದು ಕುರ್ಚಿಯ ತುದಿಯಲ್ಲಿ ಕೂತು ಹೋದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಅಳಿಯ ಮಾತ್ರ, “ಮಾವಾರ, ಕಡೇದು ಆತೇನ್ರಿ?” ಎಂದು ವಿನಯದಿಂದ ಕೇಳುತ್ತಿದ್ದ. ಆ ವಿನಯ ನನಗೆ ಹಿಡಿಸಲಿಲ್ಲ. ತಂದೆ ಸೋಲುವುದಕ್ಕೆ ಬಸವರಾಜನಿಗೆ ಸಾಕ್ಷಿಗಳು ಬೇಕಾಗಿದ್ದರು.

ಇನ್ನೊಂದನ್ನೂ ಗಮನಿಸಿದೆ. ತನಗೆ ಈ ಯಂತ್ರ ಹಚ್ಚಲೂ ಬರುವುದಿಲ್ಲ ಎಂದಿದ್ದ ಬಸವರಾಜ, ಒಮ್ಮೆ ಕರೆಂಟು ಹೋಗಿ ಬಂದಾಗ ನಾನು ಏಳುವ ಮೊದಲೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಸರಿಯಾದ ಜಾಗಕ್ಕೆ ನಿಲ್ಲಿಸಿ, ಸರಿಯಾದ ಕೀಲಿ ಒತ್ತಿದ್ದ. ಆ ಆಟದಲ್ಲಿ ಹೊಸ ಹಂತ ಕಟ್ಟಿಕೊಳ್ಳುವ ಸೌಲಭ್ಯವೂ ಇತ್ತು. ಗೋಡೆ, ಚೀಲ, ಚುಕ್ಕೆ ಎಲ್ಲಿ ಬೇಕೋ ಅಲ್ಲಿಟ್ಟು ಕ್ಯಾಸೆಟ್ಟಿನಲ್ಲಿ ಉಳಿಸಿಡಬಹುದು. ಉಳಿಸಿಟ್ಟದ್ದನ್ನು ಬದಲಿಸಲೂಬಹುದು.

ವೀರಭದ್ರಪ್ಪನವರು ಹಮಾಲನನ್ನು ಬೈಯುವುದನ್ನು ಬಿಟ್ಟಿದ್ದರು. ಒಂದು ಮಧ್ಯಾಹ್ನ ಪರದೆ ಖಾಲಿಯಾದ ಮೇಲೂ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

“ನಾ ಇದನ್ನ ಬಿಡಿಸಿದ್ದೆ, ತಂಗಿ. ಖರೇನ ಬಿಡಿಸಿದ್ದೆ. ಒಂದು ಸರ್ತಿ ಅಲ್ಲ.” ಒಂದು ಕೀಲಿಯನ್ನು ಒತ್ತಿ ಬಿಟ್ಟು, “ಬಿಡಿಸಿದಾಂವ ಎಲ್ಲಿ ಹೋದ?” ಎಂದರು. ನನ್ನನ್ನು ಕೇಳಿದಂತಿರಲಿಲ್ಲ.

ಮರುದಿನ ಮನೆಯವರು ಸಂಬಂಧಿಕರ ಮದುವೆಗೆಂದು ಸಿಂಧನೂರಿಗೆ ಹೋಗಿದ್ದರು. ನೀಲಮ್ಮ ಮಾತ್ರ ಉಳಿದಿದ್ದರು. ಅವರನ್ನು ಕೇಳಿ ಯಂತ್ರ ಹಚ್ಚಿದೆ. ನನಗೆ ಬಿಡಿಸುವುದು ಬೇಕಿರಲಿಲ್ಲ, ಎಣಿಸುವುದು ಬೇಕಿತ್ತು. ಬಣ್ಣದ ಟಿವಿಯಾಗಿದ್ದರೆ ಚುಕ್ಕೆಯ ಮೇಲಿರುವ ಚೀಲಕ್ಕೆ ಬೇರೆ ಬಣ್ಣ ಬರುತ್ತಿತ್ತು. ಕಾವಲುಗಾರನ ಟಿವಿಯಲ್ಲಿ ಎಲ್ಲವೂ ಒಂದೇ ಬೂದು. ಸಾಲಿನಲ್ಲಿರುವ ಯಾವ ಚೀಲದ ಅಡಿಯಲ್ಲಿ ಮೊದಲೇ ಚುಕ್ಕೆ ಇದೆ, ಯಾವುದರ ಅಡಿಯಲ್ಲಿ ಇಲ್ಲ ಎಂದು ನೋಡಿ ತಿಳಿಯುವಂತಿರಲಿಲ್ಲ. ಒಂದೊಂದೇ ಚೀಲವನ್ನು ಒಂದು ಹೆಜ್ಜೆ ಸರಿಸಿ, ಕೆಳಗೆ ಏನಿದೆ ನೋಡಿ, ಸಿಕ್ಕಿಬಿದ್ದಾಗ ಮೊದಲಿನಿಂದ ಶುರುಮಾಡಿ, ಮತ್ತೆ ಇನ್ನೊಂದನ್ನು ಸರಿಸಿದೆ. ಬೇಸರದ ಕೆಲಸ. ಮುಗಿದಾಗ ಅನುಮಾನ ಉಳಿಯಲಿಲ್ಲ. ಚುಕ್ಕೆಗಳಿಗಿಂತ ಒಂದು ಚೀಲ ಹೆಚ್ಚಿತ್ತು. ಈ ಗೋದಾಮನ್ನು ಯಾರೂ ಬಿಡಿಸಲಾರರು. ಯಂತ್ರ ಎಂದೂ ರಾಗ ನುಡಿಸಲಾರದು.

ಕಳ್ಳನ ಹೆಜ್ಜೆ ಸಿಕ್ಕವಳಂತೆ ಅಡುಗೆಮನೆಗೆ ಹೋದೆ. ನೀಲಮ್ಮ ರೊಟ್ಟಿ ಬಡಿಯುತ್ತಿದ್ದರು.

“ಅವ್ವಾರ, ಸಾಹುಕಾರ್ರದು ತಪ್ಪಿಲ್ರಿ. ಆ ಕಡೇ ಗೋದಾಮಿನ್ಯಾಗ ಒಂದು ಚೀಲ ಹೆಚ್ಚೈತಿ. ಯಾರೋ ಬೇಕಂತನ ಹಾಕ್ಯಾರ.”

ಅವರ ಕೈ ನಿಂತಿತು. ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿಕೊಂಡರು.

“ಯಾರೋ ಅಲ್ಲ. ಅವರೇ ಹಾಕಿದ್ದು.”

ಆ ಮನೆಯಲ್ಲೊಂದು ಪದ್ಧತಿಯಿದೆ. ಹಂಗಾಮಿನಲ್ಲಿ ಬರುವ ಮೊದಲ ಭತ್ತದ ಮೊದಲ ಚೀಲವನ್ನು ದೊಡ್ಡ ಗೋದಾಮಿನ ಬಾಗಿಲ ಪಕ್ಕ ಇಳಿಸಿ, ವಿಭೂತಿ ಹಚ್ಚಿ ಬಿಡುತ್ತಾರೆ. ಅದು ದೇವರ ಚೀಲ. ಅದನ್ನು ಥಪ್ಪಿಗೆ, ಪೇರಿಸಿಟ್ಟ ಚೀಲಗಳ ರಾಶಿಗೆ, ಸೇರಿಸುವುದಿಲ್ಲ, ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾರೂ ಕಾಲಿನಿಂದಾಗಲೀ ಕೈಯಿಂದಾಗಲೀ ನೂಕುವುದಿಲ್ಲ. ಉಳಿದ ಸಾವಿರಾರು ಚೀಲ ಅದನ್ನು ಬಳಸಿಕೊಂಡೇ ಒಳಗೆ ಹೋಗಬೇಕು, ಹೊರಗೆ ಬರಬೇಕು. ಹಂಗಾಮು ಮುಗಿದ ಮೇಲೆ ಅದು ಮಠದ ದಾಸೋಹಕ್ಕೆ ಹೋಗುತ್ತದೆ. ವೀರಭದ್ರಪ್ಪನವರು ಹರೆಯದಲ್ಲಿ ಆಟದ ಎಲ್ಲ ಹಂತ ಮುಗಿಸಿದ ಮೇಲೆ ತಮ್ಮದೇ ದೊಡ್ಡ ಗೋದಾಮನ್ನು ಅಳತೆ ಹಿಡಿದು ಅದರಲ್ಲಿ ಕಟ್ಟಿದ್ದರು. ಗೋದಾಮು ಎಂದ ಮೇಲೆ ದೇವರ ಚೀಲ ಇರಲೇಬೇಕು, ಇಟ್ಟರು. ಅದಕ್ಕೆ ಚುಕ್ಕೆ ಇಡಲಿಲ್ಲ. ಉಳಿದವೆಲ್ಲ ಜಾಗಕ್ಕೆ ಹೋದರೆ ಅವರ ಪಾಲಿಗೆ ಆಟ ಮುಗಿಯಿತು. ಯಂತ್ರದ ರಾಗಕ್ಕೆ ಅವರು ಕಾಯುತ್ತಿರಲಿಲ್ಲ, ಪರದೆಗೆ ಕೈ ಮುಗಿದು ಏಳುತ್ತಿದ್ದರು.

“ಬಸ್ಯಾ ಸಣ್ಣಾಂವ ಇದ್ದಾಗ ಉಳಿದದ್ದೆಲ್ಲ ಆಡಾಕ ಬಿಡ್ತಿದ್ರು, ಇದನ್ನ ಬಿಡ್ತಿರಲಿಲ್ಲ. ಹುಡುಗರು ದೇವರ ಚೀಲ ನೂಕ್ಯಾವು ಅಂತ.” ನೀಲಮ್ಮ ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು. ಅದು ಸೀದಿತ್ತು. “ಈಗ ಮೊದಲನೇ ದಿನನ ಅವರು ಅದನ್ನ ನೂಕಿದ್ರು. ಡಾಕ್ಟರು ಹೇಳಿದಾಗ ನಾ ನಂಬಿರಲಿಲ್ಲ, ತಂಗಿ. ಅವತ್ತು ನಂಬಿದೆ.”

ಆಗ ನನಗೆ ಹೊಳೆಯಿತು. ಎಲ್ಲ ಹಂತಗಳನ್ನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಆ ಮೊದಲ ದಿನದ ಮೇಲೆ ಕಡೇ ಗೋದಾಮು ಬಂದಾಗ ಮಾತ್ರ ಒಳಗೆ ಹೋಗಿಬಿಡುತ್ತಿದ್ದರು. ನಾನು ಅದನ್ನು ಕಂಡಿದ್ದೆ, ಒಲೆಯ ಮೇಲೆ ಏನೋ ಇರಬೇಕು ಎಂದುಕೊಂಡಿದ್ದೆ.

“ಇದು ನಿಮ್ಮ ಮಗಗ ಗೊತ್ತೈತೇನ್ರಿ?”

“ಗೊತ್ತಿಲ್ಲ ಅನ್ಕೊಂಡೀನಿ.” ಸೀದ ರೊಟ್ಟಿಯನ್ನು ಬದಿಗಿಟ್ಟರು. “ಇದ್ರೂ ಇರಬೌದು. ಸಣ್ಣಾಂವ ಇದ್ದಾಗ ಬಾಗಲದ ಸಂದ್ಯಾಗ ನಿಂತು ನೋಡ್ತಿದ್ದ.”

ಹೆತ್ತ ತಾಯಿಗೇ ಗೊತ್ತಿಲ್ಲದ್ದನ್ನು ನಾನು ಯಾವ ಲೆಕ್ಕದಿಂದ ಕಂಡುಹಿಡಿಯಲಿ? ಒಂದು ಚೀಲ ಹೆಚ್ಚಿದೆ ಎಂದಷ್ಟೇ ನಾನು ಎಲ್ಲರ ಮುಂದೆ ಹೇಳಿದ್ದರೆ ವೀರಭದ್ರಪ್ಪನವರು ಗೆಲ್ಲುತ್ತಿದ್ದರು. ಬೀಗದ ಕೈ ಅವರ ಸೊಂಟದಲ್ಲೇ ಉಳಿಯುತ್ತಿತ್ತು, ಹೊಸ ಭತ್ತ ಬಂದು ಬೀಳುತ್ತಿತ್ತು, ಯಾರ ಭತ್ತ ಯಾರ ಲಾರಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ಹೇಳದಿದ್ದರೆ ಅವರು ತಮಗೆ ಒಂದು ಆಟ ಬಿಡಿಸುವ ಬುದ್ಧಿಯೂ ಉಳಿದಿಲ್ಲ ಎಂದು ನಂಬಿ ಸೋಲುತ್ತಿದ್ದರು, ಅದು ಸುಳ್ಳು. ನೀಲಮ್ಮ ನನ್ನ ಮುಖ ನೋಡಿ, ನೀನು ಏನೂ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ ಎಂದರು. ನೋಡಿಕೊಳ್ಳುವುದು ಎಂದರೆ ಏನು ಎಂದು ಹೇಳಲಿಲ್ಲ. ದಿನಗಳು ಹೋದವು, ಅವರು ಏನೂ ಮಾಡಲಿಲ್ಲ. ಅವರಿಗೂ ಗಂಡ ಸೋಲುವುದೇ ಬೇಕಾಗಿದೆ ಎಂದು ನನಗೆ ಅನಿಸತೊಡಗಿತು.

ಮೋಡ ಮಳೆಗರೆಯದೆ ಚದುರಿತು. ದೀಪಾವಳಿ ಮುಗಿದ ಮೇಲೆ ಬಿಸಿಲು ಚುರುಕಾಯಿತು. ನಾಳೆ ಮೊದಲ ಟ್ರ್ಯಾಕ್ಟರು ಬರುತ್ತದೆ ಎಂದು ಸುದ್ದಿ ಬಂತು. ಬಾಯ್ಲರು ತೊಳೆಯಲೆಂದು ಗಿರಣಿ ನಿಂತಿತ್ತು. ಮಧ್ಯಾಹ್ನ ಬಸವರಾಜ ಹಜಾರದಲ್ಲಿ ಕುರ್ಚಿ ಹಾಕಿಸಿದ. ಅಳಿಯ ಬಂದಿದ್ದ. ನನ್ನನ್ನೂ ಕರೆದರು, ಯಂತ್ರ ಕೈಕೊಟ್ಟರೆ ಎಂದು.

ವೀರಭದ್ರಪ್ಪನವರು ಆ ದಿನ ಬಹಳ ನಿಧಾನವಾಗಿ ಆಡಿದರು. ಬಾಗಿಲ ಪಕ್ಕದ ಚೀಲವನ್ನು ಮೊದಲು ಒಳಗೆ ನೂಕಿದರು. ಒಳಗಿನಿಂದ ಹೊರಗೆ ಸಾಲು ತುಂಬಿದರು. ಕೊನೆಯಲ್ಲಿ ಒಂದು ಚೀಲ ಉಳಿಯಿತು. ಅದಕ್ಕೆ ಜಾಗ ಹುಡುಕುತ್ತಾ ಹುಡುಕುತ್ತಾ ಮೂಲೆಗೆ ಸಿಕ್ಕಿಸಿದರು. ಕೈ ಕೀಲಿಗಳ ಮೇಲಿನಿಂದ ಜಾರಿ ತೊಡೆಯ ಮೇಲೆ ಬಿತ್ತು.

“ಹೋಗ್ಲಿ ಬಿಡ್ರಿ ಮಾವಾರ, ಆಟ ಅಲ್ಲೇನ್ರಿ,” ಎಂದ ಅಳಿಯ. ಬಸವರಾಜನ ಕಣ್ಣು ತಂದೆಯ ಸೊಂಟದ ಮೇಲಿತ್ತು.

ನೀಲಮ್ಮ ಒಳಗಿನಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಗಂಡನ ಪಕ್ಕ ನೆಲದ ಮೇಲೆ ಕೂತು, ಕೀಲಿಮಣೆಯನ್ನು ತೊಡೆಯ ಮೇಲೆ ಎಳೆದುಕೊಂಡರು.

“ತಂಗಿ, ಮೊದಲಿಂದ ಹಚ್ಚು.”

ಹಚ್ಚಿದೆ. ಅವರಿಗೆ ಆಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಸವರಾಜನ ಮುಖ ನೋಡಿದರೆ ಅವನಿಗೂ ಗೊತ್ತಿದ್ದಂತಿರಲಿಲ್ಲ. ಒಂದೇ ಬೆರಳಿನಿಂದ, ಹಿಟ್ಟು ಒಣಗಿ ಬಿಳಿಯಾಗಿದ್ದ ಬೆರಳಿನಿಂದ, ಒತ್ತುತ್ತಾ ಹೋದರು. ಬಾಗಿಲ ಪಕ್ಕದ ಚೀಲವನ್ನು ಮುಟ್ಟಲಿಲ್ಲ. ಹಮಾಲ ಅದನ್ನು ಬಳಸಿ ಒಳಗೆ ಹೋದ, ಬಳಸಿ ಹೊರಗೆ ಬಂದ. ದಾರಿ ಬಹಳ ಉದ್ದವಾಯಿತು. ಒಮ್ಮೆ ಅವರು ತಡೆದು ನಿಂತಾಗ ವೀರಭದ್ರಪ್ಪನವರೇ, “ಎಡಕ, ಎಡಕ,” ಎಂದರು. ಹೇಳಿದ್ದು ಸರಿಯಿತ್ತು. ಎಲ್ಲ ಚೀಲಗಳೂ ಸಾಲಿಗೆ ಹೋದವು. ಯಂತ್ರ ಸುಮ್ಮನಿತ್ತು.

“ಮುಗೀತ್ರಿ,” ಎಂದರು ನೀಲಮ್ಮ.

“ಎಲ್ಲಿ ಮುಗೀತು? ಒಂದು ಉಳದೈತಲ್ಲ.”

“ಅದು ಉಳೀಬೇಕ್ರಿ. ದೇವರ ಚೀಲ ಅದು. ನೀವೇ ಇಟ್ಟಿದ್ರಿ.”

ವೀರಭದ್ರಪ್ಪನವರು ಪರದೆಗೆ ಹತ್ತಿರ ಬಾಗಿದರು. ಬೂದು ಬಣ್ಣದ ಆ ಒಂದು ಚೌಕವನ್ನು ಎಷ್ಟು ಹೊತ್ತು ನೋಡಿದರೆಂದರೆ ಅಳಿಯ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದ. ಆಮೇಲೆ ಅವರು ಹೆಂಡತಿಯ ಕಡೆ ತಿರುಗಿದರು.

“ನಾ ಅದನ್ನ ನೂಕಿದ್ನೇನು?”

“ಹೂಂನ್ರಿ.”

“ಎಷ್ಟು ಸರ್ತಿ?”

ನೀಲಮ್ಮ ಕೀಲಿಮಣೆಯನ್ನು ತೊಡೆಯಿಂದ ಕೆಳಗಿಳಿಸಿದರು. ವೀರಭದ್ರಪ್ಪನವರು ಸೊಂಟಕ್ಕೆ ಕೈ ಹಾಕಿ ಗಂಟು ಬಿಚ್ಚತೊಡಗಿದರು. ಹಳೆಯ ಗಂಟು, ಬೇಗ ಬಿಚ್ಚಲಿಲ್ಲ. ಬಸವರಾಜನ ಕೈ ಮುಂದೆ ಬಂತು. ಅವರು ಅದನ್ನು ಸರಿಸಿ, ತಾವೇ ಬಿಚ್ಚಿ, ಗೊಂಚಲನ್ನು ನೀಲಮ್ಮನ ಹಿಟ್ಟಿನ ಕೈಯೊಳಗೆ ಇಟ್ಟು ಮುಷ್ಟಿ ಮುಚ್ಚಿದರು.

“ನಿನ್ನ ಹತ್ರ ಇರ್ಲಿ. ನಾಳೆ ನಾ ಕೇಳಿದ್ರೂ ಕೊಡಬ್ಯಾಡ.”

ಮರುದಿನ ಮೊದಲ ಟ್ರ್ಯಾಕ್ಟರು ಬಂತು. ದೊಡ್ಡ ಗೋದಾಮಿನ ಬೀಗವನ್ನು ನೀಲಮ್ಮ ತೆಗೆದರು. ವೀರಭದ್ರಪ್ಪನವರು ಪಕ್ಕದಲ್ಲಿ ನಿಂತು, ಒಂದು ಭತ್ತದ ಕಾಳನ್ನು ಹಲ್ಲಿನಲ್ಲಿ ಕಡಿದು, ಇನ್ನೂ ಹಸಿ ಇದೆ, ಎರಡು ಬಿಸಿಲು ಬೇಕು ಎಂದರು. ಬಸವರಾಜ ತೇವ ಅಳೆಯುವ ಯಂತ್ರದಿಂದ ನೋಡಿದ. ಹಸಿ ಇತ್ತು. ಅಂದಿನಿಂದ ಗಂಡ ಹೆಂಡತಿ ದಿನಾ ಬೆಳಗ್ಗೆ ಒಟ್ಟಿಗೇ ಗೋದಾಮಿಗೆ ಹೋಗುತ್ತಿದ್ದರು. ಬಸವರಾಜ ಪ್ರತಿ ಲಾರಿಗೂ ತಾಯಿಯನ್ನು ಕೇಳಬೇಕಾಗಿ ಬಂತು. ಅವನು ಅದಕ್ಕೆ ಬೇಸರಪಟ್ಟದ್ದನ್ನು ನಾನು ಕಾಣಲಿಲ್ಲ. ಮುಖ ತೋರಿಸುವವನಲ್ಲ ಅವನು.

ಆ ಹಂಗಾಮಿನ ಕೊನೆಗೆ ನನ್ನ ಅವಧಿ ಮುಗಿಯಿತು. ಕೋಣೆ ಖಾಲಿ ಮಾಡುವ ಹಿಂದಿನ ದಿನ ಬಸವರಾಜ ಮತ್ತೆ ಮೆಟ್ಟಿಲು ಹತ್ತಿ ಬಂದು ಅದೇ ಕೊನೆಯ ಮೆಟ್ಟಿಲ ಮೇಲೆ ನಿಂತ. ಅಪ್ಪ ಈಗಲೂ ಒಮ್ಮೊಮ್ಮೆ ಆ ಆಟ ಹಚ್ಚಿಸುತ್ತಾರೆ, ಒಮ್ಮೊಮ್ಮೆ ಆ ಚೀಲ ನೂಕಿಬಿಡುತ್ತಾರೆ, ಆಮೇಲೆ ನೆನಪಾಗಿ ಊಟ ಬಿಡುತ್ತಾರೆ ಎಂದ.

“ಆ ಒಂದು ಚೀಲ ತಗದುಬಿಡಾಕ ಬರ್ತೈತೇನ್ರಿ ಮೇಡಂ? ರಾಗ ಬಂದ್ರ ಅವರಿಗೂ ಸಮಾಧಾನ. ಅವ್ವಗ ಹೇಳೂದು ಬ್ಯಾಡ.”

ಅವನ ಮುಖ ನೋಡಿದೆ. ತಂದೆಯ ಮೇಲಿನ ಕಕ್ಕುಲತೆಯೇ ಇದ್ದಿರಬಹುದು. ರಾಗ ಬಂದ ಮರುದಿನ ತಂದೆ ಬೀಗದ ಕೈ ವಾಪಸು ಕೇಳುತ್ತಾರೆ, ತಾಯಿ ಕೊಡುತ್ತಾರೆ, ಆಮೇಲೆ ಅದು ತನ್ನ ಕೈಗೆ ಬರಲು ಬಹಳ ದಿನ ಬೇಕಿಲ್ಲ ಎಂಬ ಲೆಕ್ಕವೂ ಇದ್ದಿರಬಹುದು. ಎರಡೂ ಒಂದೇ ಮುಖದಲ್ಲಿ ಒಂದೇ ಬಣ್ಣಕ್ಕೆ ಕಾಣುತ್ತಿದ್ದವು.

“ಬರಂಗಿಲ್ರಿ,” ಎಂದೆ.

ಬರುತ್ತಿತ್ತು. ಎರಡು ನಿಮಿಷದ ಕೆಲಸ. ಕಂಪ್ಯೂಟರ್ ಓದಿಸುವವಳು ಹೀಗನ್ನುವುದನ್ನು ಅವನು ನಂಬಿರಲಿಕ್ಕಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು ಹೋದ. ನಾನು ಒಳಗೆ ಹೋಗಿ ಉಳಿದ ಬಟ್ಟೆಗಳನ್ನು ಮಡಿಸತೊಡಗಿದೆ.